ಒಗೆಯುವ ಕಲ್ಲು ಮತ್ತು ವಿಶ್ವಪ್ರಜೆ

ಅಡುಗೆಮನೆಯಿಂದ ಕಜ್ಜಾಯ ಕರಿಯುವ ವಾಸನೆ ಬರುತ್ತಿದೆ. ಇವತ್ತು ನಮ್ಮಲ್ಲಿ ಹಿರಿಯರ ಹಬ್ಬ, ಸತ್ತವರಿಗೆ ಎಡೆ ಇಡುವ ದಿನ. ನಾನು ಮಾತ್ರ ಹಜಾರದಲ್ಲಿ ಕೂತು ಫೋನಿಗೆ ಬಂದಿರುವ ಒಂದು ನಮೂನೆಯನ್ನು ನೋಡುತ್ತಿದ್ದೇನೆ. 'ಜವಾಬ್ದಾರಿಯುತ ವಿಶ್ವಪ್ರಜೆಯಾಗಿ ತಾವು ಕೈಗೊಂಡ ಒಂದು ಕಾರ್ಯ. ಫೋಟೊ ಕಡ್ಡಾಯ.' ನಾಳೆಯೊಳಗೆ ಕಳಿಸಬೇಕಂತೆ. ಚಾಮರಾಜನಗರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೆ ಇಂಥವು ಹೊಸದಲ್ಲ. ಹಿಂದೆ ನಾನು ನೆಟ್ಟ ಒಂದೇ ಸಸಿ ನಾಲ್ಕು ವರದಿಗಳಲ್ಲಿ ದುಡಿದಿದೆ. ಪಾಪ, ಅದು ಬದುಕಲಿಲ್ಲ.

ಈ ಸಲ ಮಾತ್ರ ತುಂಬಲು ಕೈ ಬರುತ್ತಿಲ್ಲ. ಅದಕ್ಕೆ ಕಾರಣ ನಮ್ಮ ಹಿತ್ತಲಿನ ಒಗೆಯುವ ಕಲ್ಲು.

ನಮ್ಮ ಸೀಮೆಯ ಕರಿಕಲ್ಲಿನ ಸುದ್ದಿ ನೀವು ಕೇಳಿರಬಹುದು. ಅದಕ್ಕೆ ಹೊಳಪು ಕೊಟ್ಟು ಹಡಗು ಹತ್ತಿಸುತ್ತಾರೆ. ದೂರದ ದೇಶಗಳಲ್ಲಿ ಅದು ಯಾರ್ಯಾರದೋ ಗೋರಿಯ ತಲೆದೆಸೆಯಲ್ಲಿ ನಿಲ್ಲುತ್ತದೆ. ನಮ್ಮೂರಿನವರಲ್ಲಿ ಬಹುಪಾಲು ಜನ ಕಾಣದ ಊರುಗಳನ್ನು ನಮ್ಮೂರಿನ ಕಲ್ಲು ಕಂಡಿದೆ. ಆ ಕಲ್ಲಿಗೆ ಅಕ್ಷರ ಕೊರೆಯುವ ರಿಯಾಜ್ ನಮ್ಮ ಬೀದಿಯವನೇ, ನಮ್ಮಿಂದ ನಾಲ್ಕನೇ ಮನೆ. ಕೆಲವು ವರ್ಷಗಳ ಹಿಂದೆ ನಾವು ಬಚ್ಚಲು ಕಟ್ಟಿಸಿದಾಗ, ಕಾರ್ಖಾನೆಯವರು ಬೇಡವೆಂದು ಬಿಟ್ಟ ಒಂದು ಮೂಲೆ ಸೀಳಿದ ಚಪ್ಪಡಿಯನ್ನು ಗೂಡ್ಸ್ ಆಟೋದಲ್ಲಿ ತಂದು, ತಾನೇ ನಿಂತು ಹಾಕಿಸಿಕೊಟ್ಟ. ಒರಟು ಮುಖ ಮೇಲೆ, ನುಣುಪು ಮುಖ ಕೆಳಗೆ. ಒಂದು ವರ್ಷ ನಮ್ಮವ್ವ ಅದರ ಮೇಲೆ ಬಟ್ಟೆ ಒಗೆದಳು.

ಅಷ್ಟರಲ್ಲಿ ನಾನು ಮೂರು ದಿನದ ತರಬೇತಿ ಮುಗಿಸಿ ವಿಶ್ವಪ್ರಜೆಯಾಗಿದ್ದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ಗುಂಡ್ಲುಪೇಟೆಯಿಂದ ಭಾಷಣಕ್ಕೆ ಕರೆ ಬಂತು. "ಜಗತ್ತಿನ ಯಾವ ಮೂಲೆಯಲ್ಲಿ ಯಾರ ಕಣ್ಣಲ್ಲಿ ನೀರು ಬಂದರೂ ಒರೆಸುವ ಕೈ ನಮ್ಮದಾಗಬೇಕು" ಎಂದೆ. ಚಪ್ಪಾಳೆ ಬಿತ್ತು. ಚೆಂಡುಹೂವಿನ ಹಾರ ಹಾಕಿದರು. ಆ ಹಾರವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದರೆ, ಹಿತ್ತಲಲ್ಲಿ ಚರಂಡಿ ಕಟ್ಟಿಕೊಂಡಿದ್ದರಿಂದ ಕೆಲಸದವರು ಕಲ್ಲನ್ನು ಮಗುಚಿದ್ದರು. ಅವ್ವ ಅದರ ಮುಂದೆ ನಿಂತಿದ್ದಳು.

"ಏನ್ಲಾ ಬರ್ದದೆ ಇದ್ರಲ್ಲಿ? ಓದು."

ಓದಿದೆ. ಎಲೀಸ ಎಂಬ ಹೆಸರು, ಕೆಳಗೆ ಎರಡು ಇಸವಿ. "ಒಂದು ಎಣ್ಣು ಕೂಸು ಕಣವ್ವ. ಐದು ವರ್ಷಕ್ಕೇ ಓಗ್ಬುಟ್ಟದೆ."

ಅವ್ವ ಅಲ್ಲೇ ಕುಕ್ಕರಿಸಿದಳು. "ವರ್ಷದಿಂದ ಆ ಕೂಸಿನ್ ಎಸ್ರಿನ ಮ್ಯಾಲೆ ನಿನ್ ಚಡ್ಡಿ ಬಡ್ದಿವ್ನಿ ಕಣ್ಲಾ."

ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಕಲ್ಲು ಇಲ್ಲೇ ಅದೆ. ಅಂಗಾರೆ ಆ ಕೂಸ್ಗೆ ಅಲ್ಲಿ ಕಲ್ಲು ಸಿಕ್ತೊ ಇಲ್ವೊ? ಎತ್ತವ್ವ ಕಾಯ್ತಾ ಕೂತವ್ಳೇನೊ. ರಿಯಾಜುನ್ನ ಒಸಿ ಕೇಳ್ಲಾ."

ಆಯಿತೆಂದೆ. ಆದರೆ ಇಂಥದನ್ನು ಹೇಗೆ ಕೇಳುವುದು? ಮೇಷ್ಟರಿಗೆ ತಲೆ ಕೆಟ್ಟಿದೆ ಅಂದುಕೊಂಡಾನು. ಇಲ್ಲವೇ ಬಿಟ್ಟಿ ಕೊಟ್ಟ ಕಲ್ಲಿಗೂ ತಕರಾರು ತೆಗೆದರಲ್ಲ ಎಂದು ನೊಂದುಕೊಂಡಾನು. ಹೀಗೆಲ್ಲ ಯೋಚಿಸಿ ದಿನ ದೂಡಿದೆ. ಅವ್ವ ದಿನಾ ಸಂಜೆ "ಕೇಳ್ದಾ?" ಅನ್ನುವಳು, ನಾನು "ನಾಳೆ ಕೇಳ್ತೀನಿ ಬುಡವ್ವ" ಅನ್ನುವೆ. ಆ ಕಲ್ಲನ್ನು ಅವಳು ಮತ್ತೆ ಮುಟ್ಟಲಿಲ್ಲ. ಮೊದಲೇ ಮಂಡಿನೋವು, ನೆಲದ ಮೇಲೆ ಕೂತು ಬಟ್ಟೆ ಕುಕ್ಕತೊಡಗಿದಳು. ಊಟವೂ ಅಷ್ಟಕ್ಕಷ್ಟೆ. ಈ ನಡುವೆ ಇನ್ನೊಂದು ಭಾಷಣವಾಯಿತು. ಅದರಲ್ಲಿ ಈ ಕಲ್ಲಿನ ಕಥೆಯನ್ನೇ ಹೇಳಿದೆ, ಅವ್ವನ ಸಂಕಟವನ್ನು ಕೊಂಚ ಉಪ್ಪುಖಾರ ಹಚ್ಚಿಯೇ ಹೇಳಿದೆ. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು.

ಮೂರು ವಾರ ಕಾದು ಅವ್ವ ತಾನೇ ಬೀದಿಗಿಳಿದಳು. ಬುತ್ತಿ ಹಿಡಿದು ಕೆಲಸಕ್ಕೆ ಹೊರಟಿದ್ದ ರಿಯಾಜನನ್ನು ನಮ್ಮ ಬಾಗಿಲ ಮುಂದೆಯೇ ತಡೆದು ಕೇಳಿದಳು. ನಾನು ಒಳಗೆ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ.

"ಅದು ನನ್ ಕೈಯಲ್ಲೇ ಸೀಳ್ಕಂಡಿದ್ದು ಕಣವ್ವ" ಎಂದ ರಿಯಾಜ್. "ಒಡ್ದು ಜಲ್ಲಿಗ್ ಆಕಿ ಅಂದ್ರು. ಮನಸ್ಸು ಬರ್ನಿಲ್ಲ. ಮೇಷ್ಟ್ರು ಮನೇಲಾದ್ರೂ ಇರ್ಲಿ ಅಂತ ತಂದೆ. ಎಸ್ರಿನ ಮ್ಯಾಲೆ ಯಾರ ಕಾಲೂ ಬೀಳ್ಬಾರ್ದು ಅಂತ ಅದ್ನ ನೆಲದ್ ಕಡೆ ಮಾಡಿ ಮಡುಗ್ದೆ."

"ಆ ಕೂಸ್ಗೆ?"

"ಮಾರ್ನೆ ದಿನ್ವೇ ಬ್ಯಾರೆ ಬರ್ದು, ನಾನೇ ನಿಂತು ಲಾರಿಗ್ ಏರಿಸ್ದೆ. ಅವತ್ತು ಜುಮ್ಮಾ ನಮಾಜೂ ತಪ್ಪೋಯ್ತು. ಓಗಿ ಸೇರ್ತು ಅಂತ ಆಮೇಲೆ ಆಫೀಸ್ನವ್ರು ಏಳುದ್ರು. ಮುಂಚೇನೇ ಕೇಳಿದ್ರೆ ಏಳ್ತಿದ್ನಲ್ಲವ್ವ."

ಅವ್ವ ಒಳಗೆ ಬಂದಳು. ನನ್ನನ್ನು ಒಂದು ಸಲ ನೋಡಿದಳು. ತಟ್ಟೆಗೆ ಎರಡು ಮುದ್ದೆ ಹಾಕಿಕೊಂಡು ಉಂಡಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಗುಂಡ್ಲುಪೇಟೆಗೆ ಹೋಗಿ ಜಗತ್ತಿನ ಕಣ್ಣೀರು ಒರೆಸಿ ಬಂದವನಿಗೆ ನಾಲ್ಕು ಮನೆ ದಾಟಲು ಮೂರು ವಾರ ಸಾಲಲಿಲ್ಲ.

ಆ ಭಾನುವಾರ ರಿಯಾಜನೇ ಬಂದು ಕಲ್ಲನ್ನು ಕರಿಬೇವಿನ ಗಿಡದ ಪಕ್ಕ ನಿಲ್ಲಿಸಿದ. ಆ ವರ್ಷದ ಹಿರಿಯರ ಹಬ್ಬಕ್ಕೆ ಅವ್ವ ಒಂದು ಎಲೆ ಹೆಚ್ಚಿಗೆ ಹಾಕಿದಳು. ನಾನು ಪಾಠ ಹೇಳುವ ಚಾಳಿಯವನಲ್ಲವೇ, ಅವರ ದೇಶ ಬೇರೆ, ಪದ್ಧತಿ ಬೇರೆ, ಅದೂ ಅಲ್ಲದೆ ಐದು ವರ್ಷದ ಕೂಸು ಹಿರಿಯರಲ್ಲಿ ಹೇಗೆ ಸೇರುತ್ತದೆ ಎಂದೆ.

"ನಮ್ಗಿಂತ ಮುಂದಾಗಿ ಓಯ್ತಲ್ಲ, ಅದೂ ಇರೀಕ್ಳೇ ಕಣ" ಎಂದಳು. ಆ ಎಲೆಗೆ ಸಾರು ಬಡಿಸಲಿಲ್ಲ. "ಕೂಸು, ಕಾರ ತಿನ್ನಕಿಲ್ಲ" ಎಂದು ಹಾಲು ಅನ್ನ, ಕಜ್ಜಾಯ ಇಟ್ಟಳು. ಮಿಕ್ಕ ಕಜ್ಜಾಯ ರಿಯಾಜನ ಮನೆಗೆ ಹೋಯಿತು.

ಅವ್ವ ಹೋಗಿ ಎರಡು ವರ್ಷವಾಯಿತು. ನಮೂನೆ ಇನ್ನೂ ಫೋಟೊ ಕೇಳುತ್ತಿದೆ. ಕರಿಬೇವಿನ ಗಿಡದ ಬಳಿ ಹೋಗಿ ಒಂದು ತೆಗೆದರೆ ಮುಗಿಯಿತು, ಬಹುಮಾನವೂ ಬರಬಹುದು. ಫೋನನ್ನು ಮಗುಚಿಟ್ಟು ಎದ್ದೆ.

"ರಿಯಾಜಣ್ಣನ ಮನೆಗೆ ಕಜ್ಜಾಯ ಯಾರ್ ಕೊಟ್ ಬತ್ತಾರೆ?" ಒಳಗಿನಿಂದ ಹೆಂಡತಿ ಕೇಳಿದಳು.

"ನಾನೇ ಓಯ್ತೀನಿ."

"ಎಲೆ ಎಷ್ಟು ತೊಳೀಲಿ? ಮಾವಂದು, ಅಜ್ಜೀದು, ಅತ್ತೇದು. ಮೂರು ಸಾಕಾ?"

"ನಾಕು" ಎಂದೆ. "ಒಂದಕ್ಕೆ ಕಾರ ಬ್ಯಾಡ."