ಬಾನಿಯಲ್ಲಿ ಎದ್ದು ನಿಂತ ಏಡಿಗಳು

ಎಪ್ಪತ್ತರ ದಶಕದ ಕೊನೆಗೆ ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಏಡಿಯ ನಿಲುವನ್ನೂ ನಡಿಗೆಯನ್ನೂ ಸೆರೊಟೋನಿನ್ ಹೇಗೆ ಬದಲಿಸುತ್ತದೆ ಎಂಬುದು ನನ್ನ ಪ್ರಬಂಧ. ನರದಿಂದ ನರಕ್ಕೆ ಸುದ್ದಿ ಒಯ್ಯುವ ರಾಸಾಯನಿಕ ಅದು; ನಮ್ಮಲ್ಲೂ ಇದೆ, ಏಡಿಯಲ್ಲೂ ಇದೆ. ಪ್ರಾಧ್ಯಾಪಕರು ಅದರ ಒಂದು ಪುಟ್ಟ ಸೀಸೆ ಕೊಟ್ಟು, ಮತ್ತೆ ಸಿಗುವುದಿಲ್ಲ, ರಜೆಯೊಳಗೆ ಮುಗಿಸು ಎಂದಿದ್ದರು. ಮುಗಿಯದಿದ್ದರೆ ಮನೆಯವರು ಮದುವೆ ಮಾಡಿ ಓದು ಬಿಡಿಸುವುದು ಖಂಡಿತವಿತ್ತು.

ಹೀಗೆ ರಜೆಯಲ್ಲಿ, ನಮ್ಮೂರ ಪಕ್ಕದ ನವಿಲುತೀರ್ಥದ ಕಾಲುವೆಯ ಏಡಿಗಳು ನಮ್ಮ ಮನೆಗೆ ಬಂದವು. ಮೊಟ್ಟೆಯೂ ಹೊಸಿಲು ದಾಟದ ಮನೆ. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಕೊಟ್ಟಿಗೆಯಲ್ಲಿ ದನಕ್ಕೆ ನೀರಿಡುತ್ತಿದ್ದ ಹಳೆಯ ಬಾನಿಯನ್ನು ಅವಳೇ ತೊಳೆದುಕೊಟ್ಟಳು. ಒಳಗೆ ಮಾತ್ರ ತರಬೇಡ ಎಂದವಳೂ ಅವಳೇ ಎಂದು ನನ್ನ ನೆನಪು. ಅದು ತನ್ನ ಮಾತು ಎನ್ನುತ್ತಾಳೆ ಅವ್ವ.

ಅರ್ಧ ಏಡಿಗಳಿಗೆ ಸೆರೊಟೋನಿನ್ ಚುಚ್ಚಿ ಕಾಲಿಗೆ ಕೆಂಪು ದಾರ ಕಟ್ಟಿದೆ. ಉಳಿದವಕ್ಕೆ ಹೋಲಿಕೆಗೆಂದು ಬರೀ ಉಪ್ಪುನೀರು, ಬಿಳಿ ದಾರ. ಕೆಂಪಿನವು ಕಾಲ್ತುದಿಯ ಮೇಲೆ ಮೈ ಎತ್ತಿ, ಜಗಳಕ್ಕೆ ಬಂದವರಂತೆ ನಿಂತವು. ಬಿಳಿಯವೂ ಹಾಗೆಯೇ ನಿಂತವು. ಮರುದಿನ ಮತ್ತೆ ಚುಚ್ಚಿದೆ, ಮತ್ತೆ ಅದೇ. ಸೀಸೆಯಲ್ಲಿ ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು. ಕೊಟ್ಟಿಗೆಯಲ್ಲೇ ಕೂತು ಅಳುತ್ತಿದ್ದೆ. ಆಯಿ ಬಂದಳು.

“ಎದ್ದು ನಿಂತಿದ್ದು ಚಲೋನ ಆತಲ್ಲ. ಅಳೂದ್ಯಾಕ?”

“ಬಿಳೀ ದಾರದ್ದು ನಿಂದರಬಾರದಿತ್ತ, ಆಯಿ.”

ಆಯಿ ಬಾನಿಯ ಮೇಲೆ ಬಗ್ಗಿದಳು.

“ಹಂಗಾರ ಅದು ನನ್ನ ಕೆಲಸಾನ ಇರಬೇಕವ್ವಾ. ಸೂಜಿ ಚುಚ್ಚಿಸ್ಕೊಳ್ಳೋ ಜೀವಾ ಅಂತ ದಿನಾ ಪೂಜಿ ಆದಮ್ಯಾಲ ನೀರಾಗ ವಿಭೂತಿ ಹಾಕಾಕತ್ತೇನಿ.”

“ಎಷ್ಟ?”

“ಇಡೀ ಗಟ್ಟಿ. ಮತ್ತ ಜೀವಾ ಭಾಳ ಅದಾವಲ್ಲ.”

ಬೂದಿಯ ಕ್ಷಾರಕ್ಕೆ ಮೈ ತಾಗಿಸಲಾರದೆ ಎಲ್ಲವೂ ಎದ್ದಿದ್ದವು. ನಾವಿಬ್ಬರೂ ಸೇರಿ ನೀರು ಬದಲಿಸಿದೆವು, ಏಡಿಗಳು ಸುಧಾರಿಸಿಕೊಳ್ಳಲೆಂದು ಕೆಲವು ದಿನ ಬಿಟ್ಟೆವು. ಕೊನೆಯ ಸಲ ಕೆಂಪಿನವು ಎದ್ದವು, ಬಿಳಿಯವು ತಳದಲ್ಲಿ ತಣ್ಣಗೆ ಕೂತಿದ್ದವು. ಈಗ ನನ್ನ ಕಣ್ಣಿಗೆ ಕಟ್ಟಿರುವಷ್ಟು ಎತ್ತರಕ್ಕೆ ಆಗ ನಿಜಕ್ಕೂ ಎದ್ದವೇ ಎಂದು ಕೇಳಿದರೆ ಹೌದೆನ್ನಲು ಧೈರ್ಯವಿಲ್ಲ. ಆದರೆ ಪ್ರಬಂಧ ಒಪ್ಪಿತವಾಯಿತು, ಓದು ನಿಲ್ಲಲಿಲ್ಲ.

ಆಯಿ ಸುಮ್ಮನಿದ್ದಿದ್ದರೆ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ತನ್ನ ವಿಭೂತಿಗೆ ಒಲಿದು ಏಡಿಗಳನ್ನು ಎಬ್ಬಿಸಿದವನು ಶಿವನೇ ಎಂಬ ಸಂತೋಷವೂ ಅವಳಿಗೆ ಉಳಿಯುತ್ತಿತ್ತು. ನನ್ನ ಅಳು ನೋಡಿ ಅದನ್ನು ಬಿಟ್ಟುಕೊಟ್ಟಳು. ನನ್ನ ಓದಿಗೆ ಅದಕ್ಕಿಂತ ದೊಡ್ಡ ಕೊಡುಗೆಯನ್ನು ಯಾರೂ ಕೊಟ್ಟಿಲ್ಲ.