ಎಂಜಲಾದ ಕೀ

ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುವ ಆ ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬೀಗದಕ್ಕ ಎಂದು. ಬಾಗಿಲಿನ ಬೀಗವಲ್ಲ, ಬರೆದದ್ದೆಲ್ಲ ಹೋಗಿ ಸೇರುವ ಸರ್ವರಿನ ಬೀಗ. ಯಾರು ಯಾವತ್ತು ಯಾವ ಸಾಲು ತಿದ್ದಿದರು ಎಂಬುದು ಅಲ್ಲಿ ದಾಖಲಾಗುತ್ತಿತ್ತು. ಒಳಗೆ ಹೋಗಲು ಒಬ್ಬೊಬ್ಬರಿಗೂ ಒಂದೊಂದು ಜೋಡಿ ಕೀ. ಕಪ್ಪು ಪರದೆಯಲ್ಲಿ ಎಸ್‌ಎಸ್‌ಎಚ್-ಕೀಜೆನ್ ಎಂದು ಟೈಪ್ ಮಾಡಿದರೆ ಎರಡು ಫೈಲು ಹುಟ್ಟುತ್ತವೆ. ಪ್ರೈವೇಟ್ ಎಂಬುದು ಹುಟ್ಟಿದ ಕಂಪ್ಯೂಟರಿನ ಹೊಸಿಲು ದಾಟಬಾರದು; ಅದನ್ನು ಬೇರೆ ಯಾರು ಬಳಸಿದರೂ ದಾಖಲಾಗುವುದು ಅದರ ಒಡೆಯರ ಹೆಸರೇ. ಪಬ್ಲಿಕ್ ಎಂಬುದನ್ನು ಅವಳಿಗೆ ಕಳಿಸಬೇಕು, ಅವಳು ಸರ್ವರಿಗೆ ಹಾಕುತ್ತಾಳೆ. ಹತ್ತು ವರ್ಷದಿಂದ ಇಷ್ಟನ್ನೇ ಹೇಳಿ ಹೇಳಿ ಅವಳಿಗೆ ಸಾಕುಸಾಕಾಗಿತ್ತು.

ಒಮ್ಮೆ ಗ್ರೂಪಿನಲ್ಲಿ ಗಲಾಟೆ ಬೇಡವೆಂದು, "ಕೀಯನ್ನು ನನಗೆ ಪ್ರೈವೇಟಾಗಿ ಕಳಿಸಿ" ಎಂದು ಬರೆದಳು. ಸಂಜೆಯೊಳಗೆ ಒಂಬತ್ತು ಜನ ಪ್ರೈವೇಟ್ ಕೀಯನ್ನೇ ಕಳಿಸಿ ಕೂತಿದ್ದರು.

"ನೀವೇ ಪ್ರೈವೇಟಾಗಿ ಅಂದ್ರಲ್ಲಕ್ಕ," ಎಂದ ಲಿಫ್ಟಿನ ಬಾಗಿಲಿನ ಭಾಗ ಬರೆಯುವವ. "ಪಬ್ಲಿಕ್ ಅಂದ್ರೆ ಬೀದಿಗೆ ಬಿದ್ದದ್ದು. ಅದನ್ನ ನಿಮಗ್ಯಾಕೆ ಕಳಿಸೋದು ಅಂತ..."

"ಥೂ! ಒಬ್ಬರು ಬಾಯಿಗಿಟ್ಟ ಲೋಟ ಇನ್ನೊಬ್ಬರಿಗೆ ಕೊಡ್ತೀರಾ? ಹೊರಗೆ ಬಂದ ಕೀ ಎಂಜಲು. ಅಳಿಸಿ, ಹೊಸದು ಮಾಡಿ."

ಒಬ್ಬೊಬ್ಬರ ಪಕ್ಕವೂ ಕೂತು ಮಾಡಿಸಿದಳು. ಅಂಟಂಟು ಕೀಬೋರ್ಡು, ಅದರ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಒಬ್ಬನ ಮೇಜಿನ ಮೇಲೆ ಕತ್ತರಿಸಿ ಹಾಗೇ ಬಿಟ್ಟ ಉಗುರು. ಮನೆಗೆ ಹೋಗಿ ಎರಡೆರಡು ಸಲ ಕೈ ತೊಳೆದುಕೊಂಡಳು.

ಎಲ್ಲರಿಗಿಂತ ಅವಳಿಗೆ ಹೇಸಿಗೆಯಿದ್ದದ್ದು ಮ್ಯಾನೇಜರನ ಮೇಲೆ. ಪೆನ್ನಿನ ಮುಚ್ಚಳದಲ್ಲಿ ಕಿವಿ ಕೆರೆದು, ಹೊರಬಂದದ್ದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮುಚ್ಚಳವನ್ನು ಮತ್ತೆ ಪೆನ್ನಿಗೆ ಸಿಕ್ಕಿಸುವ ಪುಣ್ಯಾತ್ಮ ಆತ.

ಹೋದ ವಾರ ಒಂದು ಕಟ್ಟಡದಲ್ಲಿ, ಕೋಲೂರಿಕೊಂಡು ಲಿಫ್ಟ್ ಹತ್ತುತ್ತಿದ್ದ ಅಜ್ಜಿಯ ಮೇಲೆ ಬಾಗಿಲು ಮುಚ್ಚಿಕೊಂಡು ಮಣಿಕಟ್ಟು ಮುರಿಯಿತು. ಬಾಗಿಲು ತೆರೆದಿರಬೇಕಾದ ಎಂಟು ಸೆಕೆಂಡನ್ನು ಯಾರೋ ಮೂರಕ್ಕೆ ಇಳಿಸಿದ್ದರು. ತನಿಖೆಗೆ ಬಂದ ಅಧಿಕಾರಿ ಸರ್ವರಿನ ದಾಖಲೆ ತೆಗೆಸಿದರು. ಆ ಸಾಲು ತಿದ್ದಿದ್ದು ಬೀಗದಕ್ಕನ ಕೀ.

ಅವಳು ತಿದ್ದುಪಡಿಯ ತಾರೀಕು ನೋಡಿದಳು. ಅಪ್ಪ ಆಸ್ಪತ್ರೆಯಲ್ಲಿದ್ದ ದಿನ. ಮ್ಯಾನೇಜರ್ ಅಂದು ಹನ್ನೊಂದು ಸಲ ಫೋನ್ ಮಾಡಿ ಪ್ರಾಣ ತಿಂದಿದ್ದ. "ನನ್ನ ಕೀ ಯಾಕೋ ಓಡ್ತಿಲ್ಲ ಕಣಮ್ಮ. ನಿನ್ನದು ಕಳಿಸು, ಐದೇ ನಿಮಿಷದ ಕೆಲಸ." ಹನ್ನೆರಡನೆಯ ಸಲ ಫೋನ್ ಬರದಿದ್ದರೆ ಸಾಕೆಂದು, ಅಪ್ಪನ ಮಂಚದ ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ತನ್ನ ಪ್ರೈವೇಟ್ ಕೀ ಮೇಲ್ ಮಾಡಿಬಿಟ್ಟಿದ್ದಳು. ನಾಳೆ ಬದಲಾಯಿಸಿದರಾಯಿತು ಎಂದುಕೊಂಡವಳು ಅಪ್ಪನ ಔಷಧಿ, ಗಂಜಿ ಎನ್ನುತ್ತ ಮರೆತೇಬಿಟ್ಟಳು.

ಮ್ಯಾನೇಜರ್ ಅವಳನ್ನು ರೂಮಿಗೆ ಕರೆದು, ಟೈಪ್ ಮಾಡಿಸಿದ್ದ ಹಾಳೆ ಮುಂದಿಟ್ಟ. 'ಕಣ್ತಪ್ಪಿನಿಂದ ಆ ಸಾಲನ್ನು ನಾನು ತಿದ್ದಿದ್ದೇನೆ.'

"ಸಹಿ ಹಾಕಿಬಿಡಮ್ಮ. ನಿನ್ನದು ಹತ್ತು ವರ್ಷದ ಒಳ್ಳೆ ಹೆಸರು, ಎಚ್ಚರಿಕೆ ಕೊಟ್ಟು ಬಿಡ್ತಾರೆ. ನನ್ನನ್ನಾದ್ರೆ ಮನೆಗೇ ಕಳಿಸ್ತಾರೆ."

"ಅಜ್ಜಿ ಕೈ ಹೇಗಿದೆ?"

"ಯಾವ ಅಜ್ಜಿ?" ಎನ್ನುತ್ತ ಪೆನ್ನು ಚಾಚಿದ. ಮುಚ್ಚಳದ ತುದಿ ಹಳದಿಯಾಗಿತ್ತು.

ಹತ್ತು ವರ್ಷ ಕಾಪಾಡಿಕೊಂಡ ಹೆಸರನ್ನು ಈ ಮನುಷ್ಯ ಕಿವಿಗೆ ಹಾಕಿ ತಿರುಗಿಸಿದ್ದಾನೆ ಎಂದು ಅವಳಿಗನ್ನಿಸಿತು. ತೆಗೆದು ಅವನ ಕೈಗೆ ಕೊಟ್ಟವಳು ತಾನೇ ಎಂಬುದು ಅದಕ್ಕಿಂತ ಅಸಹ್ಯವಾಗಿತ್ತು. ಆ ಪೆನ್ನು ಮುಟ್ಟದೆ, ಚೀಲದಿಂದ ತನ್ನ ಪೆನ್ನು ತೆಗೆದು, ಹಾಳೆಯ ಬೆನ್ನಿಗೆ ಎರಡು ಸಾಲು ಬರೆದಳು.

'ತಿದ್ದಿದ್ದು ನಾನಲ್ಲ. ಕೀ ಕೊಟ್ಟಿದ್ದು ನಾನು.'

ಮ್ಯಾನೇಜರ್ ಓದಿದ. "ಮೊದಲನೇ ಸಾಲು ಹೊಡೆದುಹಾಕು. ಎರಡನೇದು ಸಾಕು."

"ನನಗೆ ಬೇಡವಾಗಿದ್ದು ಎರಡನೇದು ಸರ್," ಎಂದು ಅವನ ಕೈಯಿಂದ ಹಾಳೆ ಕಿತ್ತುಕೊಂಡಳು. ಅಂದು ಅವನಿಗೆ ಕಳಿಸಿದ್ದ ಮೇಲನ್ನು ಪ್ರಿಂಟ್ ತೆಗೆದು ಅದಕ್ಕೆ ಪಿನ್ ಹೊಡೆದು, ಪಕ್ಕದ ಕೋಣೆಯಲ್ಲಿದ್ದ ಅಧಿಕಾರಿಗೆ ಕೊಟ್ಟಳು. ಅವರು ಓದಿ, ಅವಳನ್ನೊಮ್ಮೆ ನೋಡಿ, "ಉಳಿದವರಿಗೆ ಕಲಿಸೋದು ನೀವೇ ಅಲ್ವಾ?" ಎಂದು ಕೇಳಿದರು. ಅವಳು ಹೌದೆಂದಳು.

ಕುರ್ಚಿಗೆ ವಾಪಸ್ ಬಂದು ಹಳೆಯ ಕೀಯನ್ನು ಸರ್ವರಿನಿಂದ ಕಿತ್ತುಹಾಕಿದಳು. ಕಪ್ಪು ಪರದೆಯಲ್ಲಿ ಹೊಸ ಜೋಡಿ ಹುಟ್ಟಿಸಿದಳು. ಅಷ್ಟರಲ್ಲಿ ಬಾಗಿಲಿನ ಭಾಗದವ ಪಾರ್ಟಿಷನ್ ಮೇಲಿಂದ ಮುಖ ತೂರಿಸಿದ.

"ಅಕ್ಕ, ನನ್ನ ಕೀ ಓಡ್ತಿಲ್ಲ. ಇವತ್ತೊಂದಿನ ನಿಮ್ಮದು ಕಳಿಸ್ತೀರಾ? ಪ್ರೈವೇಟಾಗಿ."

ಥೂ ಎನ್ನಲು ಬಾಯಿ ತೆರೆದಳು. ಬಂದದ್ದು, "ತೋರಿಸಿ, ನಿಮ್ಮದೇ ಹೊಸದು ಮಾಡೋಣ." ಕುರ್ಚಿ ಎಳೆದುಕೊಂಡು ಹೋಗಿ ಅವನ ಪಕ್ಕ ಕೂತಳು.