ಮೂರು ಬೂಟಿನ ಗಂಡ, ಒಂದು ಬೂಟಿನ ಹೆಂಡತಿ

ಕಳೆದ ಶುಕ್ರವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಬಂಗುಡೆ ಕ್ಲೀನ್ ಮಾಡಿಸಲು ಟೋಕನ್ ಹಿಡಿದು ನಿಂತಿದ್ದೆ. ಮುಖಪರಿಚಯವೂ ಇಲ್ಲದ ಹೆಂಗಸೊಬ್ಬರು ಹತ್ತಿರ ಬಂದು, ನನ್ನ ತೋಳು ಮುಟ್ಟಿ, "ಈಗ ಮಂಡಿ ಹೇಗುಂಟು?" ಎಂದು ಕೇಳಿದರು.

ಚೆನ್ನಾಗಿದೆ ಎಂದೆ.

ಚೆನ್ನಾಗಿಲ್ಲದೆ ಏನು? ಅದು ಯಾವತ್ತೂ ಚೆನ್ನಾಗಿಯೇ ಇತ್ತು. ನನ್ನ ಐವತ್ತು ದಾಟಿದ ದೇಹದಲ್ಲಿ ದೂರಿಲ್ಲದ ಭಾಗ ಯಾವುದಾದರೂ ಇದ್ದರೆ ಅದು ಮಂಡಿ ಮಾತ್ರ. ಆದರೆ ಮಸ್ಕತ್ತಿನಲ್ಲಿರುವ ನಮ್ಮ ಊರಿನವರೆಲ್ಲ ಈಗ ನನ್ನನ್ನು ಗುರುತಿಸುವುದು 'ಮಂಡಿ ನೋವಿನ ಶಾಲಿನಿ' ಎಂದು. (ಇಷ್ಟು ವರ್ಷ ಅಂಕಣ ಬರೆದರೂ ಇಷ್ಟು ಹೆಸರು ಬಂದಿರಲಿಲ್ಲ.)

ಇದಕ್ಕೆಲ್ಲ ಕಾರಣ ಯುರೋಪಿನ ಒಂದು ನದಿ.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ನನ್ನ ಗಂಡ ದಿವಾಕರ ಇಲ್ಲಿನ ವಾದಿ ಅದಾಯ್ ಬಡಾವಣೆಯ ಒಂದು ಸ್ಪೇರ್ ಪಾರ್ಟ್ಸ್ ಶೋರೂಮಿನಲ್ಲಿ ಮ್ಯಾನೇಜರ್. ಇಷ್ಟು ವರ್ಷಗಳಲ್ಲಿ ನಮ್ಮ ರಜೆ ಎಂದರೆ ಮಂಗಳೂರು, ಮಂಗಳೂರು ಮತ್ತು ಮಂಗಳೂರು. ಈ ಸಲ ಡ್ಯಾನ್ಯೂಬ್ ನದಿಯಲ್ಲಿ ಎಂಟು ದಿನದ ಕ್ರೂಸ್ ಎಂದು ನಿರ್ಧರಿಸಿದರು. ಮೂರು ಮಹಡಿ ಮೇಲಿನ ಐರಿನ್ ಮತ್ತು ಅವಳ ಗಂಡ ಡಾಲ್ಫಿಯೂ ಜೊತೆಗೆ. ಉಡುಪಿಯವರು, ನಮಗೆ ಸಂಬಂಧಿಕರಿಗಿಂತ ಹೆಚ್ಚು. (ನಮ್ಮ ಮಗಳು ಅನ್ವಿತಾ ಬರುವುದಿಲ್ಲ. ಅಪ್ಪ ಅಮ್ಮನ ಜೊತೆ ಎಂಟು ದಿನ ಹಡಗಿನಲ್ಲಿ? ನೋ ವೇ, ಎಂದಿದ್ದಾಳೆ.)

ದುಡ್ಡು ಕಟ್ಟಿದ ಮೇಲೆ ಹಡಗು ಹತ್ತಿ ಕುಳಿತರೆ ಸಾಕು ಎಂದುಕೊಂಡಿದ್ದೆ. ಹಾಗಲ್ಲವಂತೆ. ಹಡಗು ದಿನಕ್ಕೊಂದು ಊರಿನಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ಏನು ನೋಡಬೇಕು ಎನ್ನುವುದನ್ನು ತಿಂಗಳುಗಟ್ಟಲೆ ಮೊದಲೇ ಫಾರ್ಮ್ ತುಂಬಿ ತಿಳಿಸಬೇಕು. ಅದಕ್ಕೆ ಶೋರ್ ಎಕ್ಸ್‌ಕರ್ಷನ್ ಎನ್ನುತ್ತಾರೆ. ಒಂದು ಊರಿಗೆ ಮೂರು ನಾಲ್ಕು ಆಯ್ಕೆ, ಆರಿಸಬೇಕಾದದ್ದು ಒಂದೇ. ಎಂಟು ತಿಂಗಳ ನಂತರ ವಿಯೆನ್ನಾದಲ್ಲಿ ಮಂಗಳವಾರ ಬೆಳಿಗ್ಗೆ ನನಗೆ ಅರಮನೆ ನೋಡುವ ಮನಸ್ಸಾಗುತ್ತದೋ, ಕಾಫಿ ಕುಡಿಯುವ ಮನಸ್ಸಾಗುತ್ತದೋ ಎಂದು ನಾನು ಈಗಲೇ ಹೇಳಬೇಕು. ಇವತ್ತು ಸಂಜೆ ಏನು ಸಾರು ಎಂದೇ ನನಗೆ ಗೊತ್ತಿರುವುದಿಲ್ಲ.

ಪ್ರತಿ ಆಯ್ಕೆಯ ಪಕ್ಕದಲ್ಲಿ ಬೂಟಿನ ಚಿತ್ರ. ಒಂದು ಬೂಟು ಎಂದರೆ ಬಸ್ಸಿನಲ್ಲಿ ಕುಳಿತು ನೋಡುವವರಿಗೆ. ಎರಡು ಬೂಟು ಎಂದರೆ ಊರೊಳಗೆ ನಡೆಯಬಲ್ಲವರಿಗೆ. ಮೂರು ಬೂಟು ಎಂದರೆ ಗುಡ್ಡ, ಮೆಟ್ಟಿಲು, ಸೈಕಲ್. ಉದಾಹರಣೆಗೆ ಡ್ಯೂರ್ನ್‌ಸ್ಟೈನ್ ಎಂಬ ಸಣ್ಣ ಊರು. ಅಲ್ಲಿ ಗುಡ್ಡದ ತುದಿಯ ಹಾಳು ಕೋಟೆಗೆ ಹತ್ತಿದರೆ ಮೂರು ಬೂಟು. ಕೆಳಗೆ ಅಂಗಡಿಯಲ್ಲಿ ಕುಳಿತು ಏಪ್ರಿಕಾಟ್ ಜಾಮ್ ನೆಕ್ಕಿದರೆ ಒಂದು ಬೂಟು.

ಫಾರ್ಮ್ ತುಂಬಲು ನಾಲ್ವರೂ ನಮ್ಮ ಹಾಲ್‌ನಲ್ಲಿ ಕುಳಿತೆವು. ಡಾಲ್ಫಿಗೆ ಒಂದೇ ಸಿದ್ಧಾಂತ. ಯಾವ ಟ್ರಿಪ್ ಮಧ್ಯಾಹ್ನದ ಊಟಕ್ಕೆ ಮೊದಲು ಹಡಗಿಗೆ ವಾಪಸ್ ಬರುತ್ತದೋ ಅದಕ್ಕೆ ಟಿಕ್. "ಊಟ ಟಿಕೆಟ್‌ನಲ್ಲೇ ಸೇರಿದೆ ಅಲ್ವಾ, ಬಿಟ್ರೆ ಲಾಸ್" ಎಂದರು. ಯುರೋಪಿಗೆ ಹೋಗುವುದು ಊಟಕ್ಕೋ ಎಂದು ಐರಿನ್ ಕೇಳಿದಳು. ಮತ್ತೆಂತಕ್ಕೆ ಎನ್ನುವಂತೆ ಅವರು ನೋಡಿದರು.

ನನ್ನ ಗಂಡ ಪೆನ್ನು ತೆಗೆದುಕೊಂಡು ಎಲ್ಲ ಊರುಗಳಿಗೂ ಮೂರು ಬೂಟು ಎಂದು ಗೀಚಿದರು. ಬುಡಾಪೆಸ್ಟಿನಲ್ಲಿ ಸೈಕಲ್. ವಿಯೆನ್ನಾದಲ್ಲಿ ಮೂರು ಗಂಟೆ ನಡಿಗೆ. ಡ್ಯೂರ್ನ್‌ಸ್ಟೈನ್‌ನಲ್ಲಿ ಕೋಟೆ. "ಬಸ್ಸಿನಲ್ಲಿ ಕೂತುಕೊಳ್ಳುವುದು ಮುದುಕರಿಗೆ" ಎಂದರು.

ಇಲ್ಲಿ ನಿಮಗೆ ಒಂದು ವಿಷಯ ಹೇಳಬೇಕು. ಆ ದಿನಗಳಲ್ಲಿ ನನ್ನ ಗಂಡನಿಗೆ ಮೆಟ್ಟಿಲು ಹತ್ತಿದರೆ ಫೋನ್ ಬರುತ್ತಿತ್ತು.

ಹೌದು. ಹತ್ತು ಮೆಟ್ಟಿಲು ಹತ್ತುತ್ತಿದ್ದಂತೆ ನಿಂತು, ಫೋನ್ ಕಿವಿಗಿಟ್ಟು, "ಯಲ್ಲಾ ಯಲ್ಲಾ, ನಾಳೆ ಕಳಿಸ್ತೇನೆ, ಖಲಾಸ್" ಎಂದು ಅರಬಿ ಬೆರೆಸಿ ಹೇಳುತ್ತಿದ್ದರು. ಒಂದೆರಡು ನಿಮಿಷ ಗೋಡೆಗೆ ಒರಗಿ ಆಲಿಸುತ್ತಿದ್ದರು. ಮತ್ತೆ ಹತ್ತು ಮೆಟ್ಟಿಲು, ಮತ್ತೊಂದು ಫೋನ್. ಇಷ್ಟು ಬೇಡಿಕೆಯ ಮ್ಯಾನೇಜರ್ ಯಾವ ಕಂಪನಿಯಲ್ಲಿದ್ದಾರೆ ಎಂದು ನನಗೂ ಮೊದಲು ಹೆಮ್ಮೆಯೇ ಆಗಿತ್ತು. ಒಂದು ದಿನ ಹಿಂದಿನಿಂದ ನೋಡಿದೆ. ಫೋನಿನ ಸ್ಕ್ರೀನ್ ಕಪ್ಪಾಗಿತ್ತು.

ಕ್ರೂಸಿಗೆ ಪ್ರಾಕ್ಟೀಸ್ ಎಂದು ಒಂದು ಬೆಳಿಗ್ಗೆ ಇಲ್ಲೇ ರಿಯಾಮ್‌ನಿಂದ ಮತ್ರಾ ಕಡೆಗೆ ಹೋಗುವ ಗುಡ್ಡದ ಹಾದಿಯಲ್ಲಿ ನಡೆದೆವು. ಫೋಟೋ ತೆಗೆಯುವುದೆಂದರೆ ಮಾರುದೂರ ಓಡುವ ಮನುಷ್ಯ ಅಂದು ಪ್ರತಿ ತಿರುವಿನಲ್ಲೂ ನಿಂತು ಸಮುದ್ರದ ಫೋಟೋ ತೆಗೆದರು. ಎಲ್ಲದರಲ್ಲೂ ಅದೇ ಸಮುದ್ರ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅರ್ಧದಷ್ಟು ಫೋಟೋಗಳು ಮಸುಕಾಗಿದ್ದವು.

"ಒಮ್ಮೆ ಡಾಕ್ಟರಿಗೆ ತೋರಿಸುವ" ಎಂದೆ.

"ಗ್ಯಾಸ್ ಮಾರಾಯ್ತಿ."

"ಗ್ಯಾಸಿಗೆ ಉಸಿರು ಕಟ್ಟುತ್ತದಾ?"

"ಕಂಪನಿಯಲ್ಲಿ ಗೊತ್ತಾದ್ರೆ ಕಾಂಟ್ರ್ಯಾಕ್ಟ್ ರಿನ್ಯೂ ಮಾಡ್ತಾರಾ? ಸುಮ್ಮನಿರು."

ಐವತ್ತೆಂಟರ ಗಲ್ಫ್ ನೌಕರನಿಗೆ ಎದೆ ಹಿಡಿದುಕೊಳ್ಳುವ ಹಕ್ಕಿಲ್ಲ ಎಂದು ಇವರು ಯಾವಾಗ ತೀರ್ಮಾನಿಸಿದ್ದರೋ.

ಫಾರ್ಮಿನ ವಿಷಯಕ್ಕೆ ಬರುತ್ತೇನೆ. ಎಲ್ಲ ಕಡೆ ಮೂರು ಬೂಟು ಬಿದ್ದಿತ್ತು. ನಿಮಗೆ ಆಗುವುದಿಲ್ಲ ಎಂದರೆ ಇವರು ನಾಲ್ಕು ಬೂಟು ಕೇಳುವ ಜಾತಿ. ಐರಿನ್, ಡಾಲ್ಫಿ ಎದುರಿಗೇ ಇದ್ದಾರೆ. ಏನು ಮಾಡಲಿ? ಬಾಯಿಗೆ ಬಂದದ್ದು ಹೇಳಿಬಿಟ್ಟೆ.

"ನನಗೆ ಆಗ್ಲಿಕ್ಕಿಲ್ಲ. ಈಚೆಗೆ ಮಂಡಿ ತುಂಬಾ ನೋಯ್ತದೆ."

ನನ್ನ ಗಂಡನ ಮುಖ ನೀವು ನೋಡಬೇಕಿತ್ತು. ಹೆಂಡತಿಗೆ ನೋವು ಎಂದು ಕೇಳಿ ಅಷ್ಟು ಸಂತೋಷಪಟ್ಟ ಗಂಡಸನ್ನು ನಾನು ಕಂಡಿಲ್ಲ. ಒಂದು ಕ್ಷಣ ಮಾತ್ರ. ಕೂಡಲೇ ಮುಖ ಗಂಭೀರ ಮಾಡಿಕೊಂಡು, "ಹೌದಾ? ಮೊದಲೇ ಹೇಳ್ಬಾರ್ದಾ? ನಿನ್ನನ್ನು ಬಿಟ್ಟು ನಾನು ಕೋಟೆ ಹತ್ತುವುದುಂಟಾ?" ಎಂದು ಎಲ್ಲವನ್ನೂ ಹೊಡೆದುಹಾಕಿ ಒಂದೊಂದೇ ಬೂಟು ಹಾಕಿದರು. ತ್ಯಾಗಮಯಿ.

ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮರುದಿನ ಇಲ್ಲಿನ ನಮ್ಮ ಊರಿನವರ ಸಂಘದ ವಾಟ್ಸ್ಯಾಪ್ ಗ್ರೂಪಿನಲ್ಲಿ ಇವರ ಸಂದೇಶ. ಶಾಲಿನಿಗೆ ಮಂಡಿ ನೋವಿರುವುದರಿಂದ ಯುರೋಪಿನಲ್ಲಿ ಟ್ರೆಕ್ಕಿಂಗ್ ಮಾಡುವ ತಮ್ಮ ಆಸೆಯನ್ನು ಕೈಬಿಟ್ಟಿದ್ದಾರಂತೆ. ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ಎಂಥ ಗಂಡ ಎಂದು ಹೆಂಗಸರೆಲ್ಲ ಬರೆದಿದ್ದರು.

ಆಮೇಲೆ ಔಷಧಿಗಳು ಬರತೊಡಗಿದವು. ಸಹಮ್ ಎಂಬ ಊರಿನಿಂದ ಒಬ್ಬರು ಎಳ್ಳೆಣ್ಣೆಗೆ ಏನೋ ಹಾಕಿ ಕಾಯಿಸಿ ಕಳಿಸಿದರು. ಎಮಿರೇಟ್ಸ್ ಗಡಿಯ ಬುರೈಮಿಯಲ್ಲಿ ಅಂಗಡಿ ಇಟ್ಟವರು ಗಡಿಯಾಚೆ ಸಿಗುವ ಮಂಡಿಪಟ್ಟಿ ಕಳಿಸಿದರು. ನಾನು ಕುಂಟಬೇಕಾಯಿತು. ಕುಂಟುವುದು ಸುಲಭ, ಯಾವ ಕಾಲು ಎಂದು ನೆನಪಿಡುವುದು ಕಷ್ಟ. ಅನ್ವಿತಾ ಪುಸ್ತಕದಿಂದ ತಲೆ ಎತ್ತದೆ, "ಅಮ್ಮಾ, ಯೆಸ್ಟರ್‌ಡೇ ಇಟ್ ವಾಸ್ ದ ಲೆಫ್ಟ್ ಒನ್" ಎಂದಳು.

ಐರಿನ್‌ಗೂ ಅನುಮಾನ. ಲಿಫ್ಟ್ ಕಾಯದೆ ಮೂರು ಮಹಡಿ ಓಡಿ ಅವಳ ಬಾಗಿಲು ತಟ್ಟಿದವಳು ನಾನೇ. "ಶಾಲಿನಿ, ನಿಂಗೆ ನೋವು ಮಂಡಿಗಾ, ಮಂಡೆಗಾ?" ಎಂದು ಕೇಳಿದಳು. ಅವಳು ನನ್ನ ಮುಖ ನೋಡಿದಳು. ಮತ್ತೆ ಕೇಳಲಿಲ್ಲ.

ಇಷ್ಟರಲ್ಲಿ ಸಂಘದವರು ನನ್ನ ಗಂಡನನ್ನು ಕಾಡತೊಡಗಿದರು. ಹೆಂಡತಿಯನ್ನು ಡಾಕ್ಟರಿಗೆ ತೋರಿಸಿದ್ರಾ? ತೋರಿಸಿಲ್ವಾ? ಒಳ್ಳೆಯ ಗಂಡನ ಪಟ್ಟ ಅಲುಗಾಡಿತು. ಒಂದು ಮಧ್ಯಾಹ್ನ ಹಟ ಹಿಡಿದು ನನ್ನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋದರು.

ಕ್ಲಿನಿಕ್ ಎರಡನೇ ಮಹಡಿಯಲ್ಲಿತ್ತು. ಲಿಫ್ಟ್ ರಿಪೇರಿಯಲ್ಲಿತ್ತು.

ಇವರು ನನ್ನ ತೋಳು ಹಿಡಿದುಕೊಂಡರು. ನಾನು ಕುಂಟುತ್ತಾ ಹತ್ತಿದೆ. ಇಳಿದು ಬರುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ನೋಡಿ ಮೆಚ್ಚುಗೆಯಿಂದ ಬದಿಗೆ ಸರಿದರು. ಗಂಡ ಹೆಂಡತಿಯನ್ನು ಎಷ್ಟು ಜೋಪಾನವಾಗಿ ಹತ್ತಿಸುತ್ತಿದ್ದಾರೆ ಎಂದು ಅವರಿಗೆ ಅನಿಸಿರಬೇಕು. ಆದರೆ ಭಾರವೆಲ್ಲ ಇವರದು, ನನ್ನ ತೋಳಿನ ಮೇಲಿತ್ತು. ಮೊದಲ ಮಹಡಿಯ ತಿರುವಿನಲ್ಲಿ ನಿಂತರು. ಫೋನ್ ತೆಗೆಯಲಿಲ್ಲ. ಫೋನ್ ತೆಗೆಯುವಷ್ಟೂ ಆಗಲಿಲ್ಲ ಎಂದು ನನಗೆ ಗೊತ್ತಾಯಿತು.

ಡಾಕ್ಟರ್ ಕೇರಳದ ಹೆಂಗಸು. ಎಕ್ಸ್‌ರೇ ತೆಗೆಸಿದರು, ನನ್ನ ಕಾಲು ಮಡಚಿದರು, ಬಿಡಿಸಿದರು. "ಯಾವ ಮಂಡಿ?" ಎಂದರು.

"ಎರಡೂ" ಎಂದೆ.

"ಎರಡೂ ಬಹಳ ಚೆನ್ನಾಗಿವೆಯಲ್ಲ. ಇನ್ನೂ ಮೂವತ್ತು ವರ್ಷ ಓಡುತ್ತವೆ." ಹೀಗೆ ಹೇಳುತ್ತಾ ಆಕೆ ತಲೆ ಎತ್ತಿ ನನ್ನ ಪಕ್ಕ ನೋಡಿದರು. ಎಸಿ ಕೋಣೆಯಲ್ಲಿ ನನ್ನ ಗಂಡನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಇವರಿಗೆ ಎಷ್ಟು ದಿನದಿಂದ ಹೀಗೆ?"

"ಗ್ಯಾಸ್" ಎಂದರು ಇವರು.

"ಮೂರು ತಿಂಗಳಿಂದ" ಎಂದೆ ನಾನು. "ಮೆಟ್ಟಿಲು ಹತ್ತುವಾಗ ನಿಲ್ಲುತ್ತಾರೆ. ಫೋನ್ ಬಂತು ಅಂತ ಹೇಳ್ತಾರೆ. ಫೋನ್ ಬಂದಿರುವುದಿಲ್ಲ."

ಇವರು ನನ್ನ ಕಡೆ ತಿರುಗಿದರು. ತುಳುವಿನಲ್ಲಿ, ಡಾಕ್ಟರಿಗೆ ಅರ್ಥವಾಗದಂತೆ ಮೆಲ್ಲಗೆ ಕೇಳಿದರು. "ನಿಂಗೆ ಗೊತ್ತಿತ್ತಾ?"

"ಇಪ್ಪತ್ತೈದು ವರ್ಷದಿಂದ ನಿಮ್ಮ ಹಿಂದೆಯೇ ಹತ್ತುತ್ತಿದ್ದೇನಲ್ಲ."

"ಮತ್ತೆ ಮಂಡಿ?"

ಕೇಳಿ ಇವರೇ ನೆಲ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಈ ಸಲ ಹತ್ತಲು ಮೆಟ್ಟಿಲೇನೂ ಇರಲಿಲ್ಲ.

ಪಕ್ಕದ ಕೋಣೆಯಲ್ಲಿ ಇಸಿಜಿ ಆಯಿತು. ಅಲ್ಲಿಂದ ನೇರವಾಗಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಹೃದಯದ ಒಂದು ನಾಳ ಹೆಚ್ಚುಕಡಿಮೆ ಮುಚ್ಚಿಯೇ ಹೋಗಿತ್ತು. ಅಂದೇ ಸ್ಟೆಂಟ್ ಹಾಕಬೇಕೆಂದರು. ಎಲ್ಲ ಸಹಿಗಳನ್ನೂ ನಾನೇ ಹಾಕಿದೆ. ಯಾವ ಕಾಗದದಲ್ಲಿ ಏನು ಬರೆದಿತ್ತು ಎಂದು ಕೇಳಬೇಡಿ. ಐರಿನ್ ಓಡಿಬಂದು ನನ್ನ ಪಕ್ಕ ನಿಂತಳು. ಇವರನ್ನು ಒಳಗೆ ಒಯ್ಯುವಾಗ ಸ್ಟ್ರೆಚರ್ ನಿಲ್ಲಿಸಿ ನನ್ನನ್ನು ಹತ್ತಿರ ಕರೆದರು. ಅಂಥ ಹೊತ್ತಿನಲ್ಲಿ ಗಂಡ ಏನು ಹೇಳಬಹುದು? ನಾನು ಕಿವಿಯನ್ನು ಅವರ ಬಾಯಿಯ ಬಳಿಗೆ ಒಯ್ದೆ.

"ಗ್ರೂಪಲ್ಲಿ ಹಾಕ್ಬೇಡ" ಎಂದರು.

ಹಾಕಲಿಲ್ಲ. ಸಂಘದವರಿಗೆ ದಿವಾಕರ ಆಫೀಸಿನ ಕೆಲಸದ ಮೇಲೆ ಗಡಿಯಾಚೆ ಹೋಗಿದ್ದಾರೆ ಎಂದು ಹೇಳಿದೆವು. ಕಂಪನಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. ಮೂರನೇ ದಿನ ಇವರ ಕಫೀಲ್ ಅಂದರೆ ಶೋರೂಮಿನ ಮಾಲೀಕರೇ ಖರ್ಜೂರದ ಡಬ್ಬಿ ಹಿಡಿದು ವಾರ್ಡಿಗೆ ಬಂದರು. ವಯಸ್ಸಾದ ಒಮಾನಿ. ನನ್ನ ಗಂಡ ಎದ್ದು ಕೂರಲು ಹೋದರು, ಅವರು ಭುಜ ಹಿಡಿದು ಮಲಗಿಸಿದರು.

"ಎಷ್ಟು ಹಾಕಿದರು?" ಎಂದು ಹಿಂದಿಯಲ್ಲಿ ಕೇಳಿದರು.

"ಒಂದು, ಸರ್."

"ನನಗೆ ಎರಡು" ಎಂದು ತಮ್ಮ ಎದೆ ತಟ್ಟಿ ತೋರಿಸಿದರು. "ತಿಂಗಳು ಬಿಟ್ಟು ಬಾ. ಕುರ್ಚಿ ಎಲ್ಲಿಗೂ ಹೋಗುವುದಿಲ್ಲ."

ಯಾರಿಗೆ ಗೊತ್ತಾದರೆ ಖಲಾಸ್ ಎಂದು ಮೂರು ತಿಂಗಳು ಸಾವನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದರೋ, ಆ ಮನುಷ್ಯನ ಬಳಿ ಇವರಿಗಿಂತ ಒಂದು ಸ್ಟೆಂಟ್ ಹೆಚ್ಚೇ ಇತ್ತು. ಅವರು ಹೋದ ಮೇಲೆ ಇವರು ಗೋಡೆ ಕಡೆ ತಿರುಗಿ ಮಲಗಿದರು. ಬೆನ್ನು ಅಲುಗುತ್ತಿತ್ತು. ನಾನು ಖರ್ಜೂರದ ಬೀಜ ತೆಗೆಯುತ್ತಾ ಕುಳಿತೆ.

ಈಗ ಇವರು ಆರಾಮಾಗಿದ್ದಾರೆ. ಮನೆಯೊಳಗೆ ಈ ಕಥೆಯ ಹೊಸ ಆವೃತ್ತಿಯೊಂದು ತಯಾರಾಗಿದೆ. ಮೊನ್ನೆ ಡಾಲ್ಫಿಗೆ ಹೇಳುತ್ತಿದ್ದರು. "ಇವಳ ಮಂಡಿ ತೋರಿಸ್ಲೇಬೇಕು ಅಂತ ನಾನು ಹಟ ಮಾಡಿದ್ದಕ್ಕಲ್ವಾ ಇದು ಸಿಕ್ಕಿದ್ದು? ಇಲ್ಲದಿದ್ರೆ ಕಷ್ಟ ಇತ್ತು." ಹೀಗೆ ತಮ್ಮ ಜೀವವನ್ನೂ ಇವರು ತಾವೇ ಉಳಿಸಿಕೊಂಡಿದ್ದಾರೆ. ಇದನ್ನೆಲ್ಲ ಅಂಕಣದಲ್ಲಿ ಬರೆಯಲೇ ಎಂದು ಕೇಳಿದೆ. "ಬರಿ ಬರಿ, ನಿನ್ನದನ್ನು ಗ್ರೂಪಿನವರು ಯಾರು ಓದ್ತಾರೆ?" ಎಂದರು. (ಓದುವವರು ದಯವಿಟ್ಟು ಅವರಿಗೆ ತಿಳಿಸಬೇಡಿ.)

ಕ್ರೂಸ್ ರದ್ದಾಗಿಲ್ಲ. ಹೋಗಬಹುದು, ಗುಡ್ಡ ಹತ್ತುವುದು ಮಾತ್ರ ಈ ವರ್ಷ ಬೇಡ ಎಂದು ಹೃದಯದ ಡಾಕ್ಟರ್ ಹೇಳಿದ್ದಾರೆ. ಟ್ರಿಪ್ ಬದಲಾಯಿಸಬೇಕಿದ್ದರೆ ಈ ವಾರವೇ ಕೊನೆ ಎಂದು ಹಡಗಿನವರಿಂದ ಮೇಲ್ ಬಂತು. ನನ್ನ ಗಂಡ ಲ್ಯಾಪ್‌ಟಾಪ್ ತೆಗೆದು ಕುಳಿತರು. ತಮ್ಮ ಹೆಸರಿನ ಮುಂದೆ ಎಲ್ಲ ಕಡೆ ಒಂದೇ ಬೂಟು ಉಳಿಸಿಕೊಂಡರು. ಡ್ಯೂರ್ನ್‌ಸ್ಟೈನ್‌ನಲ್ಲಿ ಅವರು ಜಾಮ್ ನೆಕ್ಕುತ್ತಾರೆ. ನನ್ನ ಹೆಸರಿನ ಮುಂದೆ ಕೋಟೆಗೆ ಟಿಕ್ ಹಾಕಿದರು.

"ನಾನೊಬ್ಬಳೇ?" ಎಂದೆ.

"ನಿನಗೆ ಆಸೆ ಉಂಟಲ್ಲ, ಹೋಗು. ಮೇಲಿಂದ ನದಿಯ ಫೋಟೋ ತೆಗೆದು ಕೊಡು, ಗ್ರೂಪಿಗೆ ಹಾಕ್ಬೇಕು."

ಆಸೆ ಇದ್ದದ್ದು ನಿಜ. ನಾನು ಹೇಳಿರಲಿಲ್ಲ, ಆದರೂ ಇವರಿಗೆ ಗೊತ್ತಾಗಿತ್ತು. ಮನಸ್ಸು ತುಂಬಿಬಂತು. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಮುಚ್ಚುತ್ತಾ ಇವರೇ ಮಾತು ಮುಗಿಸಿದರು.

"ನೀನು ಮಾತ್ರ ಫೋಟೋದಲ್ಲಿ ಬರ್ಬೇಡ ಮಾರಾಯ್ತಿ. ಮಂಡಿ ನೋವಿನವಳು ಅಷ್ಟು ಮೇಲೆ ಹೇಗೆ ಹತ್ತಿದ್ಳು ಅಂತ ಯಾರಾದ್ರೂ ಕೇಳಿದ್ರೆ ನಾನು ಎಂತ ಹೇಳುವುದು?"